ಎರಡು ಮೊಳದ ಗೋಡೆ, ಆರು ಕೋಡಿನ ರೌಟರ್

ನಿಮ್ಮ ಮುಂದೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಗಂಡನನ್ನು ಆರಿಸಿಕೊಳ್ಳಲು ನನಗೆ ಹಿಡಿದದ್ದು, ಅವರು ನಮ್ಮ ಮನೆಯಲ್ಲಿ ಒಂದು ತಟ್ಟೆ ಮಂಡಕ್ಕಿ ಸುಸಲಾ ತಿಂದು ಮುಗಿಸುವಷ್ಟು ಹೊತ್ತು. ಅವರು ಬೇಗ ತಿನ್ನುವ ಮನುಷ್ಯ ಬೇರೆ. ಚಹಾ ಬರುವ ಮೊದಲೇ ನನ್ನ ತೀರ್ಮಾನ ಆಗಿಹೋಗಿತ್ತು. ಮನೆ, ನೌಕರಿ, ಸೀರೆ, ಎಲ್ಲವನ್ನೂ ನಾನು ಹೀಗೇ ಆರಿಸಿದವಳು. ಸೀರೆಯಂಗಡಿಯವರು ನನ್ನನ್ನು ಕಂಡರೆ ಕೈಮುಗಿಯುತ್ತಾರೆ. ಇಂಥ ನಾನು, ಒಂದು ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಆರಿಸಲು ಹದಿನೇಳು ದಿನ ತೆಗೆದುಕೊಂಡೆ. ಆ ಹದಿನೇಳು ದಿನಗಳಲ್ಲಿ ಭಾಲ್ಕಿಗೆ ಒಮ್ಮೆ, ಔರಾದಿಗೆ ಒಮ್ಮೆ ಬಸ್ಸು ಹತ್ತಿ ಇಳಿದೆ. ಇಷ್ಟೆಲ್ಲ ಮಾಡಿದ ಮೇಲಾದರೂ ಸರಿಯಾದದ್ದನ್ನು ಆರಿಸಿದೆಯಾ ಎಂದು ಕೇಳಬೇಡಿ. ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಇಪ್ಪತ್ತಾರು ವರ್ಷದ ಸರ್ವಿಸು. ಈ ವರ್ಷ ನನಗೊಂದು ಮರ್ಯಾದೆ ಬಂತು: ಬೇರೆ ಬೇರೆ ತಾಲೂಕಿನ ಗಣಿತದ ಮೇಷ್ಟ್ರು, ಟೀಚರುಗಳಿಗೆ ಆನ್‌ಲೈನಿನಲ್ಲಿ ತರಬೇತಿ ಕೊಡಬೇಕು, ನೀವೇ ಕೊಡಿ ಎಂದು ತರಬೇತಿ ಉಸ್ತುವಾರಿಯ ಸರ್ ಫೋನ್ ಮಾಡಿದರು. ನಾನು ಮನೆಯ ಹಿಂದಿನ ಕೋಣೆಯಲ್ಲಿ ಬಿಳಿ ಬೋರ್ಡು ತೂಗುಹಾಕಿ, ಇಳಕಲ್ ಸೀರೆ ಉಟ್ಟು, ಲ್ಯಾಪ್‌ಟಾಪಿನ ಮುಂದೆ ನಿಂತೆ. "ಗಣಿತ ಎಂದರೆ ಭಯವಲ್ಲ" ಎನ್ನಲು ಬಾಯಿ ತೆರೆದೆ. "ಗಣಿತ ಎಂದರೆ ಭಯ" ಎಂಬಲ್ಲಿಗೆ ನೆಟ್‌ವರ್ಕ್ ನಿಂತುಹೋಯಿತು. ನನ್ನ ಬಾಯಿ ತೆರೆದದ್ದು ತೆರೆದಂತೆ, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ಬಿಟ್ಟಂತೆ ಚಿತ್ರ ಹೆಪ್ಪುಗಟ್ಟಿ, ಎಂಬತ್ತು ಜನರ ಪರದೆಯ ಮೇಲೆ ನಾಲ್ಕು ನಿಮಿಷ ನಿಂತಿತಂತೆ. ಯಾರೋ ಪುಣ್ಯಾತ್ಮರು ಅದರ ಫೋಟೋ ತೆಗೆದು ಗ್ರೂಪಿನಲ್ಲಿ ಹಾಕಿದರು. ಭಯ ಎನ್ನುವ ಶಬ್ದಕ್ಕೆ ಅಷ್ಟು ಒಳ್ಳೆಯ ಚಿತ್ರ ಯಾವ ಪಠ್ಯಪುಸ್ತಕದಲ್ಲೂ ಇರಲಿಕ್ಕಿಲ್ಲ.

ಮರುದಿನ ಸರ್ ಫೋನ್ ಮಾಡಿದರು. "ಮೇಡಂ, ಇನ್ನ ಮೂರ್ ವಾರಕ್ಕ ಎರಡನೇ ಕ್ಲಾಸ್ ಅದ. ನಿಮ್ಮ ಮನಿ ನೆಟ್ ಛಲೋ ಮಾಡಿಕೊಳ್ರಿ. ಆಗಂಗಿಲ್ಲ ಅಂದ್ರ ಹೇಳ್ರಿ, ಬ್ಯಾರೆಯವ್ರಿಗಿ ಕೊಡ್ತೇವಿ." ಬೇರೆಯವರಿಗೆ! ಇಪ್ಪತ್ತಾರು ವರ್ಷ ಕಾದು ಸಿಕ್ಕ ಪಟ್ಟ, ಒಂದು ಪೆಟ್ಟಿಗೆಯ ದೆಸೆಯಿಂದ ಬೇರೆಯವರ ಪಾಲಾಗುವುದೇ? ಹೊಸ ರೌಟರ್ ತಂದೇ ತರುತ್ತೇನೆ, ಅದೂ ಎಂಥದ್ದು ಅಂದರೆ ಬೀದರಿನಲ್ಲಿ ಯಾರ ಮನೆಯಲ್ಲೂ ಇರಬಾರದು ಎಂದು ಅಲ್ಲೇ ನಿರ್ಧಾರ ಮಾಡಿದೆ.

ಗಣಿತದವಳಾದ್ದರಿಂದ ಮೊದಲು ಒಂದು ಇನ್ನೂರು ಪುಟದ ನೋಟುಬುಕ್ಕು ತೆಗೆದೆ. ಪ್ರತಿ ರೌಟರಿಗೂ ಒಂದು ಪುಟ, ಪ್ರತಿ ಪುಟದಲ್ಲಿ ಪ್ರಗತಿಪತ್ರ. ವೇಗಕ್ಕೆ ಇಷ್ಟು ಅಂಕ, ಆಂಟೆನಾಕ್ಕೆ ಇಷ್ಟು, ಶಿಸ್ತಿಗೆ ಇಷ್ಟು. ಕೊಂಡವರ ಅಭಿಪ್ರಾಯಗಳನ್ನು ಓದಲು ಕುಳಿತೆ. ಓದುತ್ತ ಓದುತ್ತ ನನಗೆ ರೌಟರಿಗಿಂತ ಮನುಷ್ಯರ ಬಗ್ಗೆ ಹೆಚ್ಚು ತಿಳಿಯಿತು. ಒಬ್ಬ, ಪೆಟ್ಟಿಗೆ ಕಪ್ಪಗಿದೆ ಎಂದು ಒಂದೇ ನಕ್ಷತ್ರ ಕೊಟ್ಟಿದ್ದ. ಇನ್ನೊಬ್ಬ ಐದು ನಕ್ಷತ್ರ ಕೊಟ್ಟು, "ಇನ್ನೂ ಡಬ್ಬಿ ತೆರೆದಿಲ್ಲ" ಎಂದು ಬರೆದಿದ್ದ. ಇವನಂಥವರು ನನ್ನ ಉತ್ತರಪತ್ರಿಕೆ ತಿದ್ದಿದ್ದರೆ ನಾನು ಇಂದು ಎಲ್ಲಿರುತ್ತಿದ್ದೆನೋ! ಆಮೇಲೆ ಎರಡು ಪಾಯಿಂಟ್ ನಾಲ್ಕು ಮತ್ತು ಐದು ಗಿಗಾಹರ್ಟ್ಸ್ ಎಂಬ ಎರಡು ತರಂಗಗಳ ವಿಷಯ ಬಂತು. ಎರಡು ಪಾಯಿಂಟ್ ನಾಲ್ಕು ಎತ್ತಿನ ಬಂಡಿಯಿದ್ದಂತೆ: ನಿಧಾನ, ಆದರೆ ದೂರ ಹೋಗುತ್ತದೆ, ಅಡ್ಡ ಬಂದದ್ದನ್ನು ಹೇಗೋ ದಾಟುತ್ತದೆ. ಐದು ಎಂಬುದು ಹೊಸ ಮೋಟರ್‌ಸೈಕಲ್: ಓಟ ಭಾರೀ, ಆದರೆ ಗೋಡೆ ಕಂಡರೆ ಅಲ್ಲೇ ಬ್ರೇಕು. ಇದನ್ನು ನಾನು ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದೆ. ಬರೆದುಕೊಂಡದ್ದಕ್ಕೂ ತಿಳಿದುಕೊಂಡದ್ದಕ್ಕೂ ವ್ಯತ್ಯಾಸವಿದೆ ಎಂದು ಮಕ್ಕಳಿಗೆ ದಿನಾ ಹೇಳುವವಳು ನಾನೇ.

ನಮ್ಮವರದು ಝೆರಾಕ್ಸ್ ಮತ್ತು ಬೈಂಡಿಂಗಿನ ಅಂಗಡಿ. ಆಂಟೆನಾಗಳ ಬಗ್ಗೆ ಅವರ ಸಿದ್ಧಾಂತ ಸರಳ. "ಎಷ್ಟ್ ಕೋಡು ಜಾಸ್ತಿ, ಅಷ್ಟ್ ಜೋರು. ಎಮ್ಮಿಗಿ ನೋಡಂಗಿಲ್ಲೇನು?" ಎಂದರು. ಎಮ್ಮೆಗೆ ಎರಡೇ ಕೋಡು ಇರುತ್ತವೆ ಎಂದು ನಾನು ನೆನಪಿಸಿದೆ. "ಅದಕ್ಕೇ ಅದಕ್ಕ ನೆಟ್ ಬರಂಗಿಲ್ಲ," ಎಂದು ಅವರು ಊಟಕ್ಕೆ ಕುಳಿತರು. ಅತ್ತೆಯವರು ಪಡಸಾಲೆಯ ತಮ್ಮ ಮಂಚದಿಂದಲೇ ಕೇಳಿದರು: "ಗಾಳ್ಯಾಗ ಬರೂ ವಸ್ತುಕ್ಕ ಕೋಡ್ ಯಾಕ ಬೇಕ? ಅದೇನ್ ಹಾಯ್ಲಿಕ್ಕಿ ಬರ್ತದೇನು?" ಅತ್ತೆಗೆ ಎಪ್ಪತ್ತೆಂಟು ವರ್ಷ. ಠಾಣಾ ಕುಶನೂರಿನಲ್ಲಿರುವ ತಂಗಿಯ ಜೊತೆ ದಿನಾ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿ, ಎರಡೂ ಊರಿನ ಸೊಸೆಯಂದಿರ ಲೆಕ್ಕ ನೋಡುವುದು ಅವರ ನಿತ್ಯನೇಮ. ಸರಿಯಾಗಿ ಯಾರದೋ ಸೊಸೆ ಯಾರಿಗೋ ಏನೋ ಅಂದಳಂತೆ ಎಂಬಲ್ಲಿಗೆ ನಮ್ಮ ನೆಟ್ ಕೈಕೊಡುತ್ತಿತ್ತು. ನನ್ನ ಮಟ್ಟಿಗೆ ಅದು ನೆಟ್ ಮಾಡುತ್ತಿದ್ದ ಏಕೈಕ ಉಪಕಾರ.

ಭಾಲ್ಕಿಯಲ್ಲಿ ನನ್ನ ತಮ್ಮ ಸಂತೋಷನ ಸಿಮೆಂಟು, ಕಬ್ಬಿಣದ ಅಂಗಡಿ. ಅವನು ಫೋನಿನಲ್ಲಿ, "ಅಕ್ಕಾ, ಪುಸ್ತಕದಾಗ ಏನ್ ನೋಡ್ತಿ? ನಮ್ಮನಿಗಿ ಬಂದು ನೋಡು. ಎಂಟು ಕೋಡಿಂದು ತಂದೇನಿ," ಎಂದ. ಭಾನುವಾರ ನಾನೂ ನಮ್ಮವರೂ ಹೋದೆವು. ರೌಟರು ಹಾಲಿನ ನಡುಗೋಡೆಗೆ ಕುಳಿತಿತ್ತು, ಅಂಗಾತ ಬಿದ್ದ ಏಡಿಯ ಹಾಗೆ ಎಂಟೂ ಕಾಲು ಮೇಲೆತ್ತಿ. ಅದರ ಕೆಳಗೆ ಸೋಫಾದ ಮೇಲೆ ತಮ್ಮ, ಅವನ ಹೆಂಡತಿ ಜ್ಯೋತಿ, ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದರು. ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ನಾವು ಹೋಗಿ ಅರ್ಧ ಗಂಟೆಯಾದರೂ ಯಾರೂ ಅಲುಗಲಿಲ್ಲ. ಜ್ಯೋತಿ ಚಹಾ ಮಾಡಲು ಎದ್ದಾಗ ದೊಡ್ಡ ಮಗಳು ಥಟ್ಟನೆ ಆ ಜಾಗಕ್ಕೆ ಸರಿದಳು.

"ಮ್ಯಾಲಿನ ರೂಮಿನ್ಯಾಗ ಬರಂಗಿಲ್ಲೇನೋ?" ಎಂದೆ.

ತಮ್ಮ ಗಂಟಲು ಸರಿಮಾಡಿಕೊಂಡ. "ಮ್ಯಾಲ ಜರಾ ಕಮ್ಮಿ ಬರ್ತದ. ಆದ್ರ ಒಂದ್ ಮಾತ್ ಹೇಳ್ತೇನಿ ಅಕ್ಕಾ, ಇದು ಬಂದಾಗಿಂದ ಮಕ್ಕಳು ನಮ್ ಕೂಡ ಕುಂದರ್ಲತ್ತಾವ. ಮೊದಲ ಒಬ್ಬೊಬ್ರು ಒಂದೊಂದ್ ರೂಮಿನ್ಯಾಗ ಇರ್ತಿದ್ರು."

"ಕುಂತು ಏನ್ ಮಾಡ್ತಾರ?"

"ಏನ್ ಮಾಡ್ತಾರ, ತಮ್ ತಮ್ ಫೋನ್ ನೋಡ್ತಾರ," ಎಂದು ಜ್ಯೋತಿ ಅಡುಗೆಮನೆಯಿಂದ ಹೇಳಿದಳು. ಅಲ್ಲೂ ನೆಟ್ ಬರುವುದಿಲ್ಲವಾದ್ದರಿಂದ ಆಕೆಗೆ ಸತ್ಯ ಹೇಳುವಷ್ಟು ಬಿಡುವಿತ್ತು.

ಮುಂದಿನ ಭಾನುವಾರ ಔರಾದ್. ಅಲ್ಲಿ ನನ್ನ ನಾದಿನಿ ಸುನಂದಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಗಿರಾಕಿಗಳು ಫೋನಿನಲ್ಲಿ ತೋರಿಸಿದ ಡಿಸೈನನ್ನು ನೋಡಿದೊಡನೆ ಕತ್ತರಿ ಹಾಕುವಷ್ಟು ಕೈ ಕುದುರಿದವಳು. ಅವಳ ಮನೆಯಲ್ಲಿ ನೆಟ್ ಎಂಥ ನೆಟ್ ಅಂತೀರಿ! ಅಂಗಳದಲ್ಲಿ ನಿಂತರೂ ಬರುತ್ತದೆ, ಬಚ್ಚಲಿನ ಹಿಂದೆ ನಿಂತರೂ ಬರುತ್ತದೆ. ನಾನು ನೋಟುಬುಕ್ಕು ತೆರೆದು, "ಯಾವ ಕಂಪನಿದು, ಎಷ್ಟ್ ಕೋಡಿಂದು?" ಎಂದು ಕೇಳಿದೆ. ಅವಳು ನಗುತ್ತ ನಡುಮನೆಯ ಅಲಮಾರಿಯ ಮೇಲೆ ಕೈ ಮಾಡಿದಳು. ಕನೆಕ್ಷನ್ ಕೊಟ್ಟವರು ಪುಕ್ಕಟೆ ಇಟ್ಟುಹೋದ ಒಂದು ಪುಟ್ಟ ಬಿಳಿ ಡಬ್ಬಿ. ಎರಡೇ ಕೋಡು, ಅದರಲ್ಲೊಂದು ಮುರಿದು ಹೊಲಿಗೆಯ ದಾರದಲ್ಲಿ ಕಟ್ಟಿದ್ದಾಳೆ.

"ವೈನಿ, ಪೆಟ್ಟಿಗಿ ಯಾವ್ದಾದ್ರೇನ್ರಿ? ಇಡೋ ಜಾಗಾ ನೋಡ್ಬೇಕು. ಮನಿ ನಡುವ ಇಡ್ರಿ, ಎತ್ತರಕ್ಕ ಇಡ್ರಿ, ಆತು."

ಇಷ್ಟು ಸುಲಭವಾದ ಮಾತು ನಿಜವಾಗಿರಲು ಸಾಧ್ಯವೇ? ನಾನು ನೂರಾ ನಲವತ್ತು ಪುಟ ಬರೆದಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮವರು, "ಸುನಂದಾ ಹೇಳಿದ್ದು ಖರೆ ಅನಿಸ್ತದ," ಎಂದರು. ಅವಳ ಮನೆ ಚಿಕ್ಕದು, ಗೋಡೆ ತೆಳು, ನಮ್ಮದು ಬೇರೆ ಪ್ರಕರಣ ಎಂದು ನಾನು ವಾದಿಸಿದೆ. ವಾದ ಸರಿಯಾಗಿಯೇ ಇತ್ತು. ಅದರಿಂದ ನಾನು ತೆಗೆದ ಉತ್ತರ ಮಾತ್ರ ತಪ್ಪು.

ಬೀದರಿನ ಹಳೇ ಪೇಟೆಯಲ್ಲಿ ರಫೀಕ್ ಭಾಯಿಯ ಅಂಗಡಿ. ರೇಡಿಯೋ ಕಾಲದಿಂದ ಈ ಕಾಲದವರೆಗೆ ತಂತಿ ಇರುವ, ಇಲ್ಲದಿರುವ ಎಲ್ಲ ವಸ್ತುಗಳನ್ನೂ ಮಾರುತ್ತ ಬಂದವರು. ನಾನು ನೋಟುಬುಕ್ಕು ಬಿಚ್ಚಿ, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದ ಆರು ಕೋಡಿನ ರೌಟರಿನ ಹೆಸರು ಓದಿದೆ. ಅವರು ಪೆಟ್ಟಿಗೆ ತೆಗೆಯುವ ಬದಲು ಕನ್ನಡಕ ತೆಗೆದರು.

"ಟೀಚರ್, ಮೊದಲ ಹೇಳ್ರಿ, ಮನಿ ಎಷ್ಟ್ ಹಳೇದು?"

"ನಮ್ಮ ಯಜಮಾನರ ಅಜ್ಜ ಕಟ್ಸಿದ್ದು."

"ಗ್ವಾಡಿ?"

"ಕೆಂಪ್ ಕಲ್ಲು. ಎರಡ್ ಮೊಳ ದಪ್ಪ ಅವ."

ರಫೀಕ್ ಭಾಯಿ ಹಣೆ ಮುಟ್ಟಿಕೊಂಡರು. "ಯಾ ಅಲ್ಲಾ! ಅದು ಮನಿ ಅಲ್ರಿ, ಕಿಲ್ಲಾ. ತೋಫಿನ ಗುಂಡು ಹೊಡದ್ರೂ ದಾಟಂಗಿಲ್ಲ, ಸಿಗ್ನಲ್ ಬೇಚಾರಾ ಏನ್ ಮಾಡ್ತದ? ಖಾಲಿಪೀಲಿ ದೊಡ್ಡದು ಯಾಕ ತಗೋತೀರಿ? ಸಾದಾ ಒಂದು ತಗೋರಿ, ಒಂದ್ ವೈರ್ ಒಳಗ ಎಳದು ನಡುಮನ್ಯಾಗ ಇಡ್ರಿ."

ನೋಡಿ, ವ್ಯಾಪಾರಿಯೇ ಕಡಿಮೆ ಬೆಲೆಯದ್ದು ಕೊಳ್ಳಿ ಎನ್ನುತ್ತಿದ್ದಾರೆ. ಬುದ್ಧಿಯಿದ್ದವರು ಅಲ್ಲಿಗೆ ಒಪ್ಪುತ್ತಿದ್ದರು. ನನಗೋ, ಪ್ರಗತಿಪತ್ರ ನೋಡದೆ ವಿದ್ಯಾರ್ಥಿಯನ್ನು ಫೇಲ್ ಮಾಡಿದ ಹಾಗೆ ಕಂಡಿತು. ಆರು ಕೋಡಿನದ್ದೇ ಬೇಕು ಎಂದೆ. ಅವರು ನಿಟ್ಟುಸಿರು ಬಿಟ್ಟು, "ಡಬ್ಬಾ ಹರೀಬ್ಯಾಡ್ರಿ ಟೀಚರ್, ಜ್ವಾಪಾನ ಇಡ್ರಿ. ಬೇಕಾಗ್ತದ," ಎಂದು ಕಟ್ಟಿಕೊಟ್ಟರು.

ನೆಟ್ಟಿನ ತಂತಿ ನಮ್ಮ ಮನೆಗೆ ಬೀದಿ ಬದಿಯ ಕೋಣೆಯಿಂದ ಒಳಬರುತ್ತದೆ. ಅಲ್ಲೇ ಅದನ್ನು ಜೋಡಿಸಿದೆವು. ಆ ಕೋಣೆಯಲ್ಲಿ ವೇಗ ಎಂದರೆ ಏನು ವೇಗ! ಒತ್ತುವ ಮೊದಲೇ ಬರುತ್ತಿತ್ತು. ನಮ್ಮವರು ಎದುರು ಮನೆಯವರನ್ನೂ ಕರೆದು ತೋರಿಸಿದರು. ಕೋಣೆ ದಾಟಿ ಪಡಸಾಲೆಗೆ ಬಂದರೆ ಅರ್ಧ. ಅಲ್ಲಿಂದ ನನ್ನ ಹಿಂದಿನ ಕೋಣೆಗೆ ಹೋದರೆ ಪರದೆಯ ಮೇಲೆ ಒಂದು ಸಣ್ಣ ಚಕ್ರ, ಗಾಣದ ಎತ್ತಿನ ಹಾಗೆ ಸುತ್ತುತ್ತ ನಿಂತಿತು. ಇತ್ತ ಬೀದಿಯಲ್ಲಿ, ಎದುರು ಮನೆಯ ಕಟ್ಟೆಯ ಮೇಲೆ ಮಾತ್ರ ನಮ್ಮ ನೆಟ್ ಅದ್ಭುತವಾಗಿ ಬರುತ್ತಿತ್ತು. ಕಿಟಕಿ ಆ ಕಡೆಗಿತ್ತಲ್ಲ! ಎರಡೇ ದಿನದಲ್ಲಿ ಅವರು ಮನೆಮಂದಿಯೆಲ್ಲ ಕಟ್ಟೆಯ ಮೇಲೆ ಕೂರುವ ಅಭ್ಯಾಸ ಮಾಡಿಕೊಂಡು, "ಟೀಚರ್, ಭಾರಿ ಐಟಂ ತಂದೀರಿ ನೋಡ್ರಿ," ಎಂದು ನನ್ನನ್ನು ಹೊಗಳಿದರು. ನಮ್ಮವರು ಅವರಿಗೂ ಪಾಸ್‌ವರ್ಡ್ ಹೇಳಿಬಿಟ್ಟಿದ್ದರು.

ತರಬೇತಿಗೆ ನಾಲ್ಕು ದಿನ ಉಳಿದಿತ್ತು. ಬೀದಿ ಬದಿಯ ಕೋಣೆಯಲ್ಲೇ ಪಾಠ ಮಾಡೋಣವೆಂದರೆ ಆಟೋ, ತರಕಾರಿ ಗಾಡಿ, ಕಟ್ಟೆಯ ಮೇಲಿನ ಅಭಿಮಾನಿಗಳು. ನಾನು ಮನೆಯ ನಕ್ಷೆ ಬರೆದು, ಫೋನು ಹಿಡಿದು ಹೆಜ್ಜೆಗೊಂದು ಅಳತೆ ತೆಗೆಯುತ್ತ ತಿರುಗಿದೆ. ಬಾಗಿಲಿದ್ದಲ್ಲಿ ಸಿಗ್ನಲ್ ನುಗ್ಗುತ್ತಿತ್ತು, ಗೋಡೆಯಿದ್ದಲ್ಲಿ ಸಾಯುತ್ತಿತ್ತು. ಎರಡು ಗಂಟೆ ಲೆಕ್ಕ ಹಾಕಿ ಕೊನೆಗೆ ಒಂದು ಬಿಂದುವಿಗೆ ಬಂದೆ. ಅಲ್ಲಿಂದ ಎಲ್ಲ ಕೋಣೆಯ ಬಾಗಿಲುಗಳೂ ನೇರಕ್ಕೆ ಕಾಣುತ್ತಿದ್ದವು. ಸುನಂದಾ ಅಲಮಾರಿಯ ಮೇಲೆ ಕೈಮಾಡಿ ಹೇಳಿದ್ದೂ, ರಫೀಕ್ ಭಾಯಿ ಕನ್ನಡಕ ತೆಗೆದು ಹೇಳಿದ್ದೂ ಅದನ್ನೇ: ಮನೆಯ ನಡುವೆ. ನನಗೆ ಮಾತ್ರ ಅದನ್ನು ತಿಳಿಯಲು ನಕ್ಷೆ ಬೇಕಾಯಿತು. ಆದರೆ ನಮ್ಮ ಮನೆಯ ನಟ್ಟನಡುವೆ ಇದ್ದದ್ದು ಪಡಸಾಲೆಯ ಕಂಬ. ಆ ಕಂಬಕ್ಕೆ ಒರಗಿಸಿದ್ದು ಅತ್ತೆಯ ಮಂಚ.

"ನನ್ನ ತಲಿ ಮ್ಯಾಲ ಆ ಆರ್ ಕೋಡಿಂದು ತಂದು ಕೂಡಸ್ತೀ ಏನು?" ಅತ್ತೆ ಸ್ಪಷ್ಟವಾಗಿ ನಿರಾಕರಿಸಿದರು. "ಅದು ಕಣ್ ಮಿಟುಕಸ್ತದ. ಕಣ್ ಮಿಟುಕಸೋದರ ಕೂಡ ನಾ ಒಂದೇ ಕಡಿ ಮಲಗಂಗಿಲ್ಲ."

ನಾನು ತರಂಗಗಳ ಬಗ್ಗೆ ಹೇಳಿದೆ. ನನ್ನ ತರಬೇತಿ, ನನ್ನ ಮರ್ಯಾದೆ, ಎಂಬತ್ತು ಜನ ಎಂದೆ. ಅತ್ತೆ ಅಡಿಕೆ ಕತ್ತರಿಸುತ್ತ ಕುಳಿತರು. ಆಗ ನಮ್ಮವರು, ಬದುಕಿನಲ್ಲಿ ಅಪರೂಪಕ್ಕೆ ಒಮ್ಮೆ, ಸರಿಯಾದ ಮಾತು ಸರಿಯಾದ ಹೊತ್ತಿಗೆ ಆಡಿದರು. "ಅವ್ವಾ, ಇಲ್ಲಿ ಇಟ್ರ ಕುಶನೂರ್ ಚಿಗವ್ವನ ಮಾರಿ ಒಟ್ಟ ನಿಲ್ಲಂಗಿಲ್ಲ ನೋಡು. ಪೂರಾ ಮಾತ್ ಕೇಳಿಸ್ತದ."

ಅಡಕತ್ತರಿ ನಿಂತಿತು. "ಪೂರಾ?"

"ಪೂರಾ. ಮೊದಲಿಂದ ಕಡೀತನಾ."

ಅತ್ತೆ ಕಂಬವನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. ಮಂಚ ಎರಡು ಗೇಣು ಈಚೆಗೆ ಸರಿಯಬೇಕು, ರೌಟರಿನ ಸ್ವಿಚ್ಚು ತಮ್ಮ ಕೈಗೆ ಎಟುಕುವಂತಿರಬೇಕು ಎಂದು ಎರಡು ಷರತ್ತು ಹಾಕಿ ಒಪ್ಪಿದರು. ರಫೀಕ್ ಭಾಯಿ ತಾವೇ ಬಂದು ವೈರು ಎಳೆದರು. ಆರು ಕೋಡಿನದ್ದನ್ನು ವಾಪಸು ಒಯ್ದು ಸಾದಾ ರೌಟರನ್ನು ಕಂಬಕ್ಕೆ ಎತ್ತರದಲ್ಲಿ ಕೂರಿಸಿದರು. ಡಬ್ಬ ನಾನು ಹರಿದಿರಲಿಲ್ಲ ಎಂಬುದೊಂದೇ ಆ ದಿನ ನನಗೆ ಉಳಿದ ಸಮಾಧಾನ. ಹೋಗುವಾಗ ಒಂದು ಮಾತು ಹೇಳಿದರು: "ಹಿಂದಿನ ಖೋಲಿಗಿ ಸಿಗ್ನಲ್ ಬಾಗಿಲದಿಂದೇ ಹೋಗ್ತದ ಟೀಚರ್. ಕ್ಲಾಸ್ ಟೈಮಿಗಿ ಬಾಗಿಲಾ ಹಾಕಬ್ಯಾಡ್ರಿ."

ಅಂದಿನಿಂದ ಅತ್ತೆ ಬೇರೆಯೇ ಮನುಷ್ಯರಾದರು. ಕುಶನೂರಿನ ವರದಿ ಈಗ ಅಡ್ಡಿ ಆತಂಕವಿಲ್ಲದೆ ಬರುತ್ತಿತ್ತು. ನನ್ನ ಬಗ್ಗೆ ಇಲ್ಲಿಂದ ಹೋಗುವ ವರದಿಯೂ ಅಷ್ಟೇ ಸಲೀಸಾಗಿ ಹೋಗುತ್ತಿತ್ತು ಎನ್ನಿ. ರೌಟರನ್ನು ಅವರು ತಮ್ಮದೆಂದೇ ಭಾವಿಸಿದರು. ಸೀರೆಯ ಸೆರಗಿನಿಂದ ಒರೆಸುವರು. ಬೆಳಿಗ್ಗೆ ಎದ್ದೊಡನೆ ದೇವರಿಗೆ ಕೈಮುಗಿದು, ತಿರುಗಿ ಅದರ ದೀಪ ಎಣಿಸುವರು. "ಐದಕ್ಕ ಐದೂ ಹತ್ತ್ಯಾವ," ಎಂದು ಮನೆಗೆಲ್ಲ ಸಾರಿ, ಆಮೇಲೆ ಚಹಾ. ಅದರ ಬಗ್ಗೆ ಯಾರಾದರೂ ಒಂದು ಕೊಂಕು ಮಾತಾಡಿದರೆ ತಮ್ಮ ತವರಿನ ಬಗ್ಗೆ ಆಡಿದಷ್ಟೇ ಸಿಟ್ಟು.

ತರಬೇತಿಯ ದಿನ ಬಂತು. ಹಿಂದಿನ ಕೋಣೆಯ ಬಾಗಿಲು ತೆರೆದಿಟ್ಟು, ಬೋರ್ಡಿನ ಮುಂದೆ ನಿಂತೆ. ಎಂಬತ್ತು ಚೌಕಗಳಲ್ಲಿ ಎಂಬತ್ತು ಮುಖ, ಒಂದೊಂದೂ ಕನ್ನಡಿಯಂತೆ ಸ್ವಚ್ಛ. ಕಮಠಾಣದ ಮೇಷ್ಟ್ರೊಬ್ಬರು ಮಂಡಕ್ಕಿ ತಿನ್ನುತ್ತಿದ್ದದ್ದು ಕಾಳುಕಾಳಾಗಿ ಕಾಣುತ್ತಿತ್ತು. ಮಾತು ಹರಿಯಿತು. ಚೌಕ ಬರೆದು, ಅದನ್ನು ನಾಲ್ಕು ಭಾಗ ಮಾಡಿ, ದೊಡ್ಡ ಸಂಖ್ಯೆಯ ವರ್ಗವನ್ನು ಮಕ್ಕಳು ಬಾಯಲ್ಲೇ ಹೇಗೆ ಮಾಡಬಹುದು ಎಂದು ತೋರಿಸಿದೆ. ನಲವತ್ತು ನಿಮಿಷ ಒಂದು ತಡೆಯಿಲ್ಲ. ಖುಷಿಯ ಭರದಲ್ಲಿ, "ಈಗ ನೋಡಿ, ಹದಿನೇಳರ ವರ್ಗ. ನೂರು, ನೂರಾ ನಲವತ್ತು, ನಲವತ್ತೊಂಬತ್ತು. ಕೂಡಿಸಿದರೆ..." ಎಂದು ದಪ್ಪ ಅಕ್ಷರದಲ್ಲಿ 279 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಹೆಮ್ಮೆಯಿಂದ ತಿರುಗಿ ನಿಂತೆ.

ಔರಾದಿನ ಒಬ್ಬರು ಟೀಚರ್ ಮೆಲ್ಲಗೆ ಕೈ ಎತ್ತಿದರು. "ಮೇಡಂ, ಎರಡುನೂರಾ ಎಂಬತ್ತೊಂಬತ್ತು ಆಗ್ತದಲ್ರಿ?"

ನಾನು ಬೋರ್ಡು ನೋಡಿದೆ. ಕೂಡಿಸುವಾಗ ಒಂದು ಹತ್ತು ಬಿಟ್ಟುಹೋಗಿತ್ತು. ಇಪ್ಪತ್ತಾರು ವರ್ಷದ ಸರ್ವಿಸು! ಹೋದ ಸಲ ಬೇಡವೆಂದರೂ ನಾಲ್ಕು ನಿಮಿಷ ನಿಂತುಹೋದ ಆ ನೆಟ್‌ವರ್ಕ್ ಈಗ ಒಂದೇ ಒಂದು ನಿಮಿಷ ನಿಲ್ಲಬಾರದೇ ಎಂದು ಎಲ್ಲ ದೇವರಿಗೂ ಹರಕೆ ಹೊತ್ತೆ. ಅದು ನಿಲ್ಲಲಿಲ್ಲ. ಬೆನ್ನ ಹಿಂದೆ ಕೈ ಹಾಕಿ ಹೆಬ್ಬೆರಳಿನಿಂದ ಏಳನ್ನು ಉಜ್ಜುತ್ತ, ನಗುಮುಖದಿಂದ, "ಅದೇ ಬರೆದೀನಲ್ರಿ. ಜರಾ ನೆಟ್‌ವರ್ಕ್ ಪ್ರಾಬ್ಲಮ್ ಆಗಿ ನಿಮಗೆ ಸರಿಯಾಗಿ ಕಾಣ್ಲತ್ತಿಲ್ಲ ಅನಿಸ್ತದ," ಎಂದೆ.

ಪಡಸಾಲೆಯಲ್ಲಿ ಮಂಚ ಕಿರ್ರೆಂದಿತು. ತೆರೆದ ಬಾಗಿಲಲ್ಲಿ ಅತ್ತೆ ಬಂದು ನಿಂತರು.

"ಏ ಶೈಲಾ! ನೆಟ್ಟಿಗಿ ಯಾಕ ಹೆಸರ ಇಡ್ತಿ? ನಾ ಈಗೇ ನೋಡಿ ಬಂದೇನಿ, ಐದಕ್ಕ ಐದೂ ದೀಪ ಹತ್ತ್ಯಾವ. ನಿಂದೇ ಏನರೆ ತಪ್ಪಾಗಿರಬೇಕು, ನೋಡಿಕೋ!"

ಮೊದಲು ಕಮಠಾಣದವರ ಬಾಯಿಂದ ಮಂಡಕ್ಕಿ ಹಾರಿತು. ಔರಾದಿನ ಟೀಚರ್ ಸೆರಗಿನಿಂದ ಮುಖ ಮುಚ್ಚಿಕೊಂಡರು. ಉಸ್ತುವಾರಿಯ ಸರ್ ಮೇಜಿನ ಕೆಳಗೆ ಏನೋ ಹುಡುಕುವವರಂತೆ ಬಗ್ಗಿ, ಬಹಳ ಹೊತ್ತು ಮೇಲೇಳಲಿಲ್ಲ. ಕ್ಯಾಮೆರಾದಲ್ಲಿ ಅವರ ಬೆನ್ನು ಅಲುಗುತ್ತಿತ್ತು. ನನಗೂ ತಡೆಯಲಾಗಲಿಲ್ಲ. ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. "ಅತ್ತಿ, ನನ್ನದೇ ತಪ್ಪಾಗ್ಯಾದ್ರಿ," ಎಂದು ಎಲ್ಲರೆದುರು ಒಪ್ಪಿಕೊಂಡು, ಬೋರ್ಡು ಪೂರ್ತಿ ಒರೆಸಿ, ಲೆಕ್ಕವನ್ನು ಮೊದಲಿನಿಂದ ಮಾಡಿದೆ. ಆ ಮೇಲಿನ ಅರ್ಧ ಗಂಟೆ ಆದಂಥ ಪಾಠ ನನ್ನ ಸರ್ವಿಸಿನಲ್ಲೇ ಆಗಿಲ್ಲ. ಎಂದೂ ಬಾಯಿ ಬಿಡದವರು ಕೂಡ ತಾವು ತರಗತಿಯಲ್ಲಿ ಮಾಡಿದ ತಪ್ಪುಗಳನ್ನು ಒಂದೊಂದಾಗಿ ಹೇಳಿಕೊಂಡರು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲವನ್ನೂ ಕೇಳಿದರು. ಕುಶನೂರಿಗೆ ಹೇಳಲು ಅವರಿಗೆ ಅಂದು ಸಾಕಷ್ಟು ಸಾಮಗ್ರಿ ಸಿಕ್ಕಿತು.

ಸಂಜೆ ಸರ್ ಫೋನ್ ಮಾಡಿದರು. "ಮೇಡಂ, ಭಾಳ ಮಜಾ ಬಂತು. ಎಲ್ಲಾರೂ ನಿಮ್ಮನ್ನೇ ಕೇಳ್ಲತ್ತಾರ. ಇನ್ನ ನಾಕು ಕ್ಲಾಸ್ ಅವ, ಭಾನುವಾರಕ್ಕೊಂದು. ಎಲ್ಲಾ ನೀವೇ ತಗೋಬೇಕು. ಹಾಂ, ಅತ್ತಿಯವ್ರೂ ಅಲ್ಲೇ ಇರ್ಲಿ."

ನಾಲ್ಕು ಕ್ಲಾಸು! ಅದೂ ಭಾನುವಾರಗಳಂದು! ರಜೆಯ ದಿನದ ಕೆಲಸ ತಪ್ಪಿಸಿಕೊಂಡು ಬಂದ ಇಪ್ಪತ್ತಾರು ವರ್ಷದ ಅಭ್ಯಾಸಬಲದಿಂದ ನನ್ನ ಬಾಯಿ ತಾನಾಗಿಯೇ, "ನೋಡ್ತೇನಿ ಸರ್, ನಮ್ ಮನ್ಯಾಗ ನೆಟ್‌ವರ್ಕ್ ಜರಾ..." ಎಂದು ಶುರು ಮಾಡಿತು.

ಮಂಚದ ಮೇಲಿಂದ ಅತ್ತೆ ತಲೆಯೆತ್ತಿ ನನ್ನನ್ನೇ ನೋಡಿದರು.

"...ಭಾಳ ಛಲೋ ಅದ ಸರ್. ಬರ್ತೇನಿ," ಎಂದೆ.